ನಾಳೆಗೆ ಉಳಿದ ದುರಸ್ತಿ

ದುರಸ್ತಿಯನ್ನು ಮುಂದೂಡುವುದೇ ಅಪರಾಧವೆಂದು ನಾನು ವಾದಿಸಹೊರಟಿಲ್ಲ. ಮುಂದೂಡದೆ ಬಾಳಿದವರು ಯಾರಿದ್ದಾರೆ? ಮಳೆಗಾಲಕ್ಕೆ ಮೊದಲು ಮನೆಯ ಹೆಂಚು ಕೈಯಾಡಿಸಬೇಕೆಂದುಕೊಂಡು, ಯುಗಾದಿ ಕಳೆಯಲಿ, ಮದುವೆಯ ದಿನಗಳು ಮುಗಿಯಲಿ ಎಂದು ಸುಮ್ಮನಾಗುವ ಗೃಹಸ್ಥನಿಂದ ಹಿಡಿದು ಕೆರೆಯ ತೂಬನ್ನು ಬರುವ ವರ್ಷದ ಆಯವ್ಯಯಕ್ಕೆ ಸರಿಸುವ ಸರಕಾರದವರೆಗೆ, ಎಲ್ಲರೂ ಬಾಕಿಯ ಮೇಲೆಯೇ ಸಂಸಾರ ನಡೆಸುವವರು. ನಮ್ಮ ಹಳ್ಳಿಪೇಟೆಗಳಲ್ಲಿ ಒಂದು ಕಾಲಕ್ಕೆ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿಡುತ್ತಿದ್ದರು. ರಾತ್ರಿ ಬಂದ ದೆವ್ವ ಅದನ್ನೋದಿ ಹಿಂದಿರುಗುವುದು. ಮರುದಿನ ಬಂದು ಮತ್ತೆ ಅದನ್ನೇ ಓದುವುದು. ದೆವ್ವಕ್ಕೆ ಓದು ಬರುತ್ತದೆ, ದಿನಗಣನೆ ಬರುವುದಿಲ್ಲ ಎಂಬುದು ಆ ಉಪಾಯದ ಆಧಾರ. ಲೋಹದ ಸ್ವಭಾವ ಇದಕ್ಕೆ ತಿರುಗುಮುರುಗು. ಅದಕ್ಕೆ ಓದು ಬಾರದು. ಗಂಟೆಗಣನೆ ಮಾತ್ರ ತಪ್ಪದೆ ಬರುತ್ತದೆ.

ಸೇನೆಯ ಸಾಗಣೆ ವಿಮಾನಗಳ ದುರಸ್ತಿಯಲ್ಲಿ ಈ ‘ನಾಳೆ’ ಹೇಗೆ ಹುಟ್ಟುತ್ತದೆ, ಯಾರ ಕೈಯಲ್ಲಿ ಬೆಳೆಯುತ್ತದೆ, ಅದರ ಮೇಲೆ ಕಣ್ಣಿಡಬೇಕಾದವರು ಯಾರು ಎಂಬುದು ಇಲ್ಲಿಯ ವಿಷಯ. ಸಾಹಿತ್ಯದ ಪುಟದಲ್ಲಿ ಕಬ್ಬಿಣ ಬಡಿಯುವ ಸದ್ದೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಕನ್ನಡ ಪಾಠ ಹೇಳುವವನಿಗೆ ಇದರಲ್ಲಿ ಮಾತನಾಡುವ ಅಧಿಕಾರವೆಲ್ಲಿಂದ ಬಂತೆಂದೂ ಕೇಳಬಹುದು. ಯಂತ್ರಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲ, ನಿಜ. ಆದರೆ ಈ ಕಥೆಯ ಬಹುಭಾಗ ನಡೆಯುವುದು ಕಾಗದದ ಮೇಲೆ: ಬರೆದ ವಾಕ್ಯದಲ್ಲಿ, ಬರೆಯದೆ ಬಿಟ್ಟ ವಾಕ್ಯದಲ್ಲಿ. ಅಷ್ಟರ ಮಟ್ಟಿಗೆ ಅದು ನನ್ನ ಕಸುಬಿನ ಗಡಿಯೊಳಗೇ ಬರುತ್ತದೆ.

ವಾಯುದಳವೆಂದರೆ ಜನರ ಕಣ್ಣಿಗೆ ಕಟ್ಟುವುದು ಕಾಳಗದ ವಿಮಾನ. ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನಕ್ಕೆ ಬೆಂಗಳೂರಿನ ಜನ ಕಿಕ್ಕಿರಿದು ನೆರೆದು, ಮುಗಿಲು ಸೀಳಿಕೊಂಡು ಹೋಗುವ ಆ ಬಾಣಗಳನ್ನು ನೋಡಿ ಬೆರಗಾಗುತ್ತಾರೆ. ಅದೇ ಯಲಹಂಕದ ನೆಲೆಯಲ್ಲಿ ಸಾಗಣೆ ವಿಮಾನಗಳ ಚಾಲಕರಿಗೆ ತರಬೇತಿ ನಡೆಯುತ್ತದೆಂಬುದನ್ನು ಬಲ್ಲವರು ಕಡಿಮೆ. ಸಾಗಣೆ ವಿಮಾನ ದಳದ ಎತ್ತು. ಲಡಾಖಿನ ಠಾಣ್ಯಕ್ಕೆ ದಿನಸಿ, ನೆರೆ ಬಂದ ಊರಿಗೆ ಔಷಧ, ರಜೆಯ ಮೇಲೆ ಹೊರಟ ಜವಾನ, ಕೊನೆಗೆ ಮಡಿದವನ ಶವಪೆಟ್ಟಿಗೆ, ಎಲ್ಲವನ್ನೂ ಹೊರುವುದು ಅದೇ. ಕಾಳಗದ ವಿಮಾನದಲ್ಲಿ ಕುಳಿತವನಿಗೆ ಆಪತ್ತಿನಲ್ಲಿ ಚಿಮ್ಮಿ ಹೊರಬೀಳುವ ಆಸನವುಂಟು. ಸಾಗಣೆ ವಿಮಾನದ ಗೋಡೆಗೆ ಬೆನ್ನು ಕೊಟ್ಟು ಪಟ್ಟಿಯ ಆಸನದಲ್ಲಿ ಸಾಲಾಗಿ ಕುಳಿತವರಿಗೆ ಅದಿಲ್ಲ. ಅವರಿಗೆ ಆಯ್ಕೆಯೂ ಇಲ್ಲ. ಬಸ್ಸಿನ ಚಕ್ರ ಸರಿಯಿಲ್ಲವೆಂದು ತೋರಿದರೆ ನಾವು ಇಳಿದು ಮುಂದಿನ ಬಸ್ಸಿಗೆ ಕಾಯಬಹುದು. ಸಿಪಾಯಿಯಾದವನು ಹತ್ತೆಂದಾಗ ಹತ್ತಬೇಕು. ತನ್ನ ಪರವಾಗಿ ಆ ವಿಮಾನದ ಪುಸ್ತಕವನ್ನು ಬೇರೊಬ್ಬರು ಓದಿದ್ದಾರೆಂಬ ನಂಬಿಕೆಯೇ ಅವನ ಟಿಕೆಟ್ಟು.

ಪುಸ್ತಕವೆಂದೆನಷ್ಟೆ. ಪ್ರತಿಯೊಂದು ಸೇನಾ ವಿಮಾನಕ್ಕೂ ಒಂದು ದಾಖಲೆಯ ಪುಸ್ತಕವಿರುತ್ತದೆ. ಹಾರಿದ ಗಂಟೆ, ಕಂಡ ದೋಷ, ಮಾಡಿದ ದುರಸ್ತಿ, ಮಾಡಿದವನ ಸಹಿ ಇವೆಲ್ಲ ಅದರಲ್ಲಿ ಬರಬೇಕು. ಅಮೆರಿಕದ ವಾಯುದಳದವರು ಇದಕ್ಕೆ ಕೆಂಪು ಬಣ್ಣದ ಮೂರು ಗುರುತುಗಳನ್ನು ಇಟ್ಟುಕೊಂಡಿದ್ದಾರೆ. ಗುಣಾಕಾರದ ಕೆಂಪು ಗುರುತು ಬಿತ್ತೆಂದರೆ ವಿಮಾನ ನೆಲ ಬಿಡುವಂತಿಲ್ಲ. ಅದನ್ನು ತೆಗೆಯುವ ಅಧಿಕಾರ ಹೆಸರು ಹೇಳಿ ನೇಮಿಸಿದ ಕೆಲವರಿಗೆ ಮಾತ್ರ. ಚಿಕ್ಕ ಅಡ್ಡಗೆರೆಯೆಂದರೆ, ನಡೆಯಬೇಕಾದ ತಪಾಸಣೆಯೊಂದು ಇನ್ನೂ ನಡೆದಿಲ್ಲ, ಒಳಗಿನ ಸ್ಥಿತಿ ತಿಳಿಯದು. ಮೂರನೆಯದು ಓರೆಗೆರೆ: ದೋಷವುಂಟು, ಆದರೆ ಹಾರಾಟವನ್ನು ನಿಲ್ಲಿಸುವಷ್ಟರದಲ್ಲ. ಈ ಓರೆಗೆರೆಯ ದೋಷಗಳಲ್ಲಿ, ಬಿಡಿಭಾಗ ಬಾರದೆಯೋ ಬಿಡುವು ದೊರೆಯದೆಯೋ ನಿಂತುಹೋದವನ್ನು ಬೇರೊಂದು ಹಾಳೆಗೆ ಏರಿಸುತ್ತಾರೆ. ನಮ್ಮ ಶಾನುಭೋಗರ ಭಾಷೆಯಲ್ಲಿ ಹೇಳುವುದಾದರೆ ಅದು ಬಾಕಿಯ ಹಾಳೆ.

ಈ ಮೂರು ಗುರುತುಗಳಲ್ಲಿ ಮೊದಲನೆಯದನ್ನು ಕುರಿತು ನನಗೆ ಚಿಂತೆಯಿಲ್ಲ. ಅದು ನೇರವಾದ ಮಾತು, ಯಾರಿಗೂ ತಪ್ಪಾಗಿ ಅರ್ಥವಾಗುವಂತಿಲ್ಲ. ಮನುಷ್ಯನ ವಿವೇಚನೆ, ಅವಸರ, ಮೇಲಧಿಕಾರಿಯ ಮುಖ ಇವೆಲ್ಲ ನುಸುಳುವುದು ಓರೆಗೆರೆಯಲ್ಲಿ. ಒಂದು ದೀಪ ಉರಿಯದು, ಒಂದು ಮಾಪಕದ ಮುಳ್ಳು ಅಲ್ಲಾಡುತ್ತದೆ, ಒಂದು ಬಾಗಿಲ ರಬ್ಬರು ಸವೆದಿದೆ. ಒಂದೊಂದನ್ನೇ ತೆಗೆದು ನೋಡಿದರೆ ಯಾವುದೂ ಸಾವಿನ ಮಾತಲ್ಲ; ಮುಂದೂಡಿದವನ ತೀರ್ಮಾನ ತಕ್ಕದ್ದೇ. ಹತ್ತು ತಕ್ಕ ತೀರ್ಮಾನಗಳು ಒಂದೇ ವಿಮಾನದ ಬೆನ್ನ ಮೇಲೆ ಕೂಡಿದಾಗ ಮೊತ್ತವೆಷ್ಟು ಎಂಬುದನ್ನು ಕೂಡಿ ನೋಡುವವರು ಯಾರು? ಪ್ರಯಾಣಿಕ ವಿಮಾನಗಳ ಲೋಕದಲ್ಲಿ ಇದಕ್ಕೊಂದು ಕಟ್ಟು ಮಾಡಿದ್ದಾರೆ. ಯಾವ ಉಪಕರಣ ಕೆಟ್ಟಿದ್ದರೂ ಹಾರಬಹುದು ಎಂಬುದರ ಪಟ್ಟಿಯುಂಟು, ಪಟ್ಟಿಯಲ್ಲಿ ವರ್ಗಗಳುಂಟು, ಒಂದು ವರ್ಗದ ದೋಷವನ್ನು ೩ ದಿನದೊಳಗೆ, ಇನ್ನೊಂದನ್ನು ೧೦ ದಿನದೊಳಗೆ, ಮತ್ತೊಂದನ್ನು ೧೨೦ ದಿನದೊಳಗೆ ಸರಿಪಡಿಸಲೇಬೇಕು. ಅದನ್ನು ನೋಡಿಕೊಳ್ಳುವ ನಿಯಂತ್ರಕ ಸಂಸ್ಥೆಗೆ ಆ ವಿಮಾನ ನಾಳೆ ಹಾರಿದರೆ ಲಾಭವಿಲ್ಲ, ಹಾರದಿದ್ದರೆ ನಷ್ಟವಿಲ್ಲ. ಸೇನೆಯಲ್ಲಿಯೂ ಗಡುವುಗಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಗಡುವನ್ನು ಹಿಗ್ಗಿಸುವ ಅಧಿಕಾರ ಬಹುಮಟ್ಟಿಗೆ, ವಿಮಾನ ನಾಳೆ ಬೆಳಗ್ಗೆ ಬೇಕೇ ಬೇಕೆನ್ನುವ ಆಜ್ಞಾಸರಣಿಯೊಳಗೇ ಇರುತ್ತದೆ. ಕಕ್ಷಿದಾರನೂ ನ್ಯಾಯಾಧೀಶನೂ ಒಂದೇ ಮನೆಯವರು. ನನ್ನ ತಕರಾರೆಲ್ಲ ಇಷ್ಟೇ.

ಇಲ್ಲಿ ವ್ಯಾಕರಣದ ಒಂದು ಮಾತು. ಕನ್ನಡದ ಜಾಯಮಾನಕ್ಕೆ ಕರ್ಮಣಿ ಪ್ರಯೋಗ ಅಷ್ಟಾಗಿ ಒಗ್ಗುವುದಿಲ್ಲವೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ‘ರಾಮನು ಮರವನ್ನು ಕಡಿದನು’ ಎಂಬುದು ನಮ್ಮ ಮಾತು. ‘ರಾಮನಿಂದ ಮರವು ಕಡಿಯಲ್ಪಟ್ಟಿತು’ ಎಂಬುದು ಪರೀಕ್ಷೆಯ ಮಾತು. ಆದರೆ ಕಚೇರಿಯ ಕನ್ನಡ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ರಾಮನನ್ನೇ ಕೈಬಿಟ್ಟಿತು: ‘ಮರವನ್ನು ಕಡಿಯಲಾಗಿದೆ.’ ‘ತಪಾಸಣೆ ನಡೆಸಲಾಗಿದೆ’, ‘ಕೆಲಸವನ್ನು ಮುಂದೂಡಲಾಗಿದೆ’, ‘ಯಾವ ನ್ಯೂನತೆಯೂ ಕಂಡುಬಂದಿರುವುದಿಲ್ಲ’. ಯಾರು ನಡೆಸಿದರು, ಯಾರು ಮುಂದೂಡಿದರು, ಯಾರ ಕಣ್ಣಿಗೆ ಕಂಡುಬರಲಿಲ್ಲ? ಇಂಗ್ಲಿಷಿನ ಕಚೇರಿ ಬರವಣಿಗೆಗೂ ಇದೇ ರೋಗ. ನಮಗೆ ಅಂಟಿದ್ದೂ ಅಲ್ಲಿಂದಲೇ. ಕರ್ತೃವಿಲ್ಲದ ವಾಕ್ಯಕ್ಕೆ ಹೊಣೆಗಾರನಿಲ್ಲ. ಹಾಗೆ ಹೊಣೆಗಾರನಿಲ್ಲದೆ ಹೋದಾಗ ಏನಾಗುತ್ತದೆಂಬುದಕ್ಕೆ ಅಮೆರಿಕದಲ್ಲಿ ನಡೆದ ಒಂದು ದುರಂತವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

೨೦೧೭ನೆಯ ಇಸವಿ ಜುಲೈ ೧೦ರಂದು ಮೆರೀನ್ ಪಡೆಯ ಕೆಸಿ-೧೩೦ಟಿ ಎಂಬ ನಾಲ್ಕು ಎಂಜಿನಿನ ಸಾಗಣೆ ವಿಮಾನವೊಂದು ಉತ್ತರ ಕೆರೊಲಿನಾದ ಚೆರಿ ಪಾಯಿಂಟ್ ನೆಲೆಯಿಂದ ಕ್ಯಾಲಿಫೋರ್ನಿಯಾದ ಎಲ್ ಸೆಂಟ್ರೋ ಕಡೆಗೆ ಹೊರಟಿತು. ಮಿಸಿಸಿಪಿ ಸಂಸ್ಥಾನದ ಲೆಫ್ಲೋರ್ ಜಿಲ್ಲೆಯ ಹೊಲಗಳ ಮೇಲೆ, ಸುಮಾರು ೨೦,೦೦೦ ಅಡಿ ಎತ್ತರದಲ್ಲಿ, ಎಡಗಡೆಯ ಒಳ ಎಂಜಿನಿನ ಪ್ರೊಪೆಲರಿನಿಂದ ಒಂದು ಅಲಗು ಕಳಚಿ ಬಂದು ವಿಮಾನದ ಒಡಲನ್ನು ಹೊಕ್ಕಿತು. ಆ ಪೆಟ್ಟಿನ ಪರಿಣಾಮವಾಗಿ ಬಲಗಡೆಯ ಒಂದು ಪ್ರೊಪೆಲರೇ ಕಿತ್ತುಹೋಗಿ ಬಾಲದ ರೆಕ್ಕೆಗೆ ಬಡಿಯಿತು. ವಿಮಾನ ಆಕಾಶದಲ್ಲಿಯೇ ತುಂಡಾಯಿತು. ೧೫ ಮಂದಿ ಮೆರೀನರು, ನೌಕಾದಳದ ವೈದ್ಯಸಹಾಯಕನೊಬ್ಬ, ಒಟ್ಟು ೧೬ ಜನ. ಒಬ್ಬನೂ ಉಳಿಯಲಿಲ್ಲ.

ತನಿಖೆಯ ವರದಿ ೨೦೧೮ರ ಡಿಸೆಂಬರಿನಲ್ಲಿ ಹೊರಬಿತ್ತು. ಕಳಚಿದ ಅಲಗಿನಲ್ಲಿ ತುಕ್ಕಿನ ಕಿರುಗುಳಿಗಳಿದ್ದವು. ಗುಳಿಯಿಂದ ಬಿರುಕು ಹುಟ್ಟಿ ಬೆಳೆದಿತ್ತು. ೨೦೧೧ರಲ್ಲಿ ಆ ಅಲಗು ಪೂರ್ಣ ದುರಸ್ತಿಗಾಗಿ ಜಾರ್ಜಿಯಾ ಸಂಸ್ಥಾನದ ವಾರ್ನರ್ ರಾಬಿನ್ಸ್ ಎಂಬಲ್ಲಿಯ ವಾಯುದಳದ ಡಿಪೋಗೆ ಹೋಗಿಬಂದಿತ್ತು. ತುಕ್ಕು ಆಗಲೇ ಅಲ್ಲಿತ್ತು; ಅದನ್ನು ಪತ್ತೆ ಹಚ್ಚಿ ಕೆರೆದು ತೆಗೆಯಬೇಕಾಗಿತ್ತು; ತೆಗೆಯದೆ ಮತ್ತೆ ವಿಮಾನಕ್ಕೆ ಏರಿಸಿದರು ಎಂಬುದು ತನಿಖೆಯ ನಿರ್ಣಯ. ಬಳಿಕವೂ ಒಂದು ಅವಕಾಶವಿತ್ತು. ಎಂಜಿನು ೫೬ ದಿನ ತಿರುಗದೆ ನಿಂತರೆ ಅಲಗುಗಳನ್ನು ವಿದ್ಯುತ್ ಉಪಕರಣದಿಂದ ಪರೀಕ್ಷಿಸಬೇಕೆಂಬ ನಿಯಮ ನೌಕಾದಳದಲ್ಲಿತ್ತು. ಆ ಅವಕಾಶವೂ ಕೈತಪ್ಪಿತು. ಆರು ವರ್ಷ ಆ ಅಲಗು ತಿರುಗಿತು.

ಈ ವರದಿಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಸಂಗತಿ ಬಿರುಕಲ್ಲ. ಆ ಅಲಗನ್ನು ೨೦೧೧ರಲ್ಲಿ ನೋಡಿ ಸರಿಯಿದೆಯೆಂದವನು ಯಾರು ಎಂದು ತಿಳಿಯಲು ತನಿಖೆಯವರು ಹೊರಟರೆ, ಡಿಪೋದ ಕೆಲಸದ ಕಾಗದಗಳನ್ನು ಎರಡು ವರ್ಷ ಇಟ್ಟರೆ ಸಾಕೆಂಬ ನಿಯಮವಿತ್ತು, ಕಾಗದ ಉಳಿದಿರಲಿಲ್ಲ. ಅಲಗು ಎರಡು ವರ್ಷಕ್ಕಿಂತ ಹೆಚ್ಚು ಬಾಳುತ್ತದೆ, ಅದರ ಕಾಗದ ಎರಡೇ ವರ್ಷ. ಶಿಲ್ಪಿಯ ಹೆಸರು ಕಂಬದ ಬುಡದಲ್ಲಿ ಒಂಬತ್ತು ನೂರು ವರ್ಷ ಉಳಿದಿರುವ ಬೇಲೂರಿನ ನಾಡಿನಲ್ಲಿ ಕುಳಿತು ಇದನ್ನೋದುವಾಗ ಒಂದು ಬಗೆಯ ಕಸಿವಿಸಿಯಾಗುತ್ತದೆ.

ಇದು ಮುಂದೂಡಿದ ದುರಸ್ತಿಯ ಉದಾಹರಣೆ ಹೇಗಾಯಿತು, ಆಗಿದೆಯೆಂದು ಬರೆದ ದುರಸ್ತಿಯಲ್ಲವೇ ಎಂದು ಯಾರಾದರೂ ಆಕ್ಷೇಪಿಸಿದರೆ ಆ ಆಕ್ಷೇಪ ನ್ಯಾಯವಾದುದೇ. ಆದರೆ ಮುಂದೂಡಿಕೆಯಲ್ಲಿ ಎರಡು ಜಾತಿ. ಬಾಕಿಯೆಂದು ಬರೆದ ಬಾಕಿ ಒಂದು. ಸಂದಾಯವಾಯಿತೆಂದು ಬರೆದ ಬಾಕಿ ಇನ್ನೊಂದು. ಮೊದಲನೆಯದು ಎಂದಾದರೂ ಒಬ್ಬ ಪರಿಶೋಧಕನ ಕಣ್ಣಿಗೆ ಬೀಳುತ್ತದೆ. ಎರಡನೆಯದು ಲೆಕ್ಕದಲ್ಲಿ ಎಲ್ಲಿಯೂ ಇಲ್ಲ, ಲೋಹದಲ್ಲಿ ಮಾತ್ರ ಇದೆ. ಬಾಕಿ ತೋರಿಸುವವನಿಗೆ ಗದರಿಕೆ, ಬಾಕಿ ಅಡಗಿಸಿದವನಿಗೆ ಶಹಬಾಸು ದೊರೆಯುವ ಕಾರ್ಖಾನೆಯಲ್ಲಿ ಮೊದಲನೆಯದು ಎರಡನೆಯದಾಗಿ ಮಾರ್ಪಡಲು ಬಹಳ ದಿನ ಬೇಕಾಗುವುದಿಲ್ಲ.

ಮುಂದಿನ ವರ್ಷ, ೨೦೧೮ರ ಮೇ ೨ರಂದು, ಪೋರ್ಟೊ ರಿಕೊ ದ್ವೀಪದ ರಾಷ್ಟ್ರೀಯ ರಕ್ಷಣಾ ದಳದ ಡಬ್ಲ್ಯೂಸಿ-೧೩೦ಎಚ್ ವಿಮಾನವೊಂದು ಜಾರ್ಜಿಯಾದ ಸವಾನಾದಿಂದ ಹೊರಟ ಎರಡು ನಿಮಿಷದೊಳಗಾಗಿ ಹೆದ್ದಾರಿಯ ಮೇಲೆ ಬಿದ್ದಿತು. ಒಂಬತ್ತು ಜನ ಸತ್ತರು. ಐವತ್ತು ದಾಟಿದ ಆ ಮುದಿ ವಿಮಾನ ಹೊರಟಿದ್ದುದು ಅರಿಜೋನಾದ ಮರುಭೂಮಿಯಲ್ಲಿರುವ ನಿವೃತ್ತ ವಿಮಾನಗಳ ಬಯಲಿಗೆ. ಅದೇ ಅದರ ಕೊನೆಯ ಪಯಣವಾಗಬೇಕಾಗಿತ್ತು. ಒಂದನೆಯ ಎಂಜಿನು ಬೇಕಾದಷ್ಟು ಸುತ್ತು ತೋರುತ್ತಿಲ್ಲವೆಂಬುದು ಕೆಲವು ವಾರಗಳ ಹಿಂದೆಯೇ ಗೊತ್ತಾಗಿತ್ತು. ಮೆಕ್ಯಾನಿಕರು ಕೈಪಿಡಿಯ ಕ್ರಮವನ್ನು ಪೂರ್ತಿಯಾಗಿ ಅನುಸರಿಸದೆ ನೋಡಿ ಬಿಟ್ಟಿದ್ದರು. ತನಿಖೆ ಮುಖ್ಯ ಹೊಣೆಯನ್ನು ಹೊರಿಸಿದ್ದು ಚಾಲಕನ ಮೇಲೆ: ನಿಂತುಹೋದ ಎಂಜಿನಿನ ಕಡೆಗೇ ವಿಮಾನವನ್ನು ತಿರುಗಿಸಿದನೆಂದು. ಅದು ಸರಿಯೇ ಇರಬಹುದು. ಆದರೆ ಆ ತಪ್ಪನ್ನು ಮಾಡುವ ಸಂದರ್ಭವನ್ನು ಅವನ ಕೈಗೆ ಒದಗಿಸಿಕೊಟ್ಟವರು ನೆಲದ ಮೇಲಿದ್ದರು. ನಾಳೆ ಗುಜರಿಗೆ ಹೋಗುವ ವಿಮಾನಕ್ಕೆ ಇಂದೇಕೆ ಇಷ್ಟು ಶ್ರಮ ಎಂಬ ಭಾವನೆ ಯಾರ ಮನಸ್ಸಿನಲ್ಲಾದರೂ ಸುಳಿದಿತ್ತೋ ಇಲ್ಲವೋ, ಅದನ್ನು ಯಾವ ವರದಿಯೂ ಹೇಳಲಾರದು.

ಸೇನೆಯ ಪರವಾಗಿ ಹೇಳುವ ಮಾತೊಂದುಂಟು, ಅದನ್ನು ಗೌರವದಿಂದ ಕೇಳಬೇಕು. ಯುದ್ಧ ಪಂಚಾಂಗ ನೋಡಿ ಬರುವುದಿಲ್ಲ. ಗಡಿಯ ಮೇಲಿನ ಠಾಣ್ಯ ಹಸಿದಿರುವಾಗ ಪ್ರತಿಯೊಂದು ಸಣ್ಣ ದೋಷಕ್ಕೂ ವಿಮಾನವನ್ನು ಕಟ್ಟಿಹಾಕಿದರೆ ಸೇನೆ ನಡೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ನಮ್ಮ ದೇಶದ ಮಣ್ಣಿನ ಮೇಲೆಯೇ ಒಮ್ಮೆ ದೊರೆತಿದೆ. ಎರಡನೆಯ ಮಹಾಯುದ್ಧದಲ್ಲಿ ಅಸ್ಸಾಮಿನ ಚಬುವಾ, ಮೋಹನಬಾಡಿ ಮುಂತಾದ ಬಯಲುಗಳಿಂದ ಹಿಮಾಲಯದ ಪೂರ್ವದ ಕೊನೆಯನ್ನು ದಾಟಿ ಚೀನಾದ ಕುನ್ಮಿಂಗಿಗೆ ಅಮೆರಿಕದವರು ಸಾಮಾನು ಸಾಗಿಸುತ್ತಿದ್ದರು. ಚಾಲಕರು ಆ ದಾರಿಯನ್ನು ‘ಗೂನು’ ಎಂದು ಕರೆಯುತ್ತಿದ್ದರು. ಯುದ್ಧ ಮುಗಿಯುವ ವೇಳೆಗೆ ಸುಮಾರು ೬೦೦ ವಿಮಾನಗಳು ಆ ಬೆಟ್ಟಗಳಲ್ಲಿ ಬಿದ್ದಿದ್ದವು. ೧೯೪೪ರ ಸೆಪ್ಟೆಂಬರಿನಲ್ಲಿ ವಿಲಿಯಂ ಟನ್ನರ್ ಎಂಬ ಅಧಿಕಾರಿ ಅಲ್ಲಿಯ ಹೊಣೆ ವಹಿಸಿಕೊಂಡ. ಸಿಕ್ಕ ಮೆಕ್ಯಾನಿಕನು ಸಿಕ್ಕ ವಿಮಾನವನ್ನು ಸಿಕ್ಕಷ್ಟು ನೋಡುವ ಪದ್ಧತಿಯನ್ನು ನಿಲ್ಲಿಸಿ, ಕಾರ್ಖಾನೆಯಲ್ಲಿ ಮೋಟಾರು ಗಾಡಿ ಸಾಗುವಂತೆ ವಿಮಾನವನ್ನೇ ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಎಳೆ ತರುವ ಏರ್ಪಾಡು ಮಾಡಿದ. ಒಂದು ಕಟ್ಟೆಯವರಿಗೆ ಒಂದೇ ಕೆಲಸ. ಯಾವುದು ಬಿಟ್ಟುಹೋದರೂ ಯಾರದೆಂದು ಗೊತ್ತಾಗುತ್ತಿತ್ತು. ಅಪಘಾತದ ಪ್ರಮಾಣ ಇಳಿಯಿತು, ಹೊರೆ ಏರಿತು. ೧೯೪೫ರ ಜುಲೈ ತಿಂಗಳೊಂದರಲ್ಲಿಯೇ ೭೧,೦೦೦ ಟನ್ನಿಗೆ ಮಿಕ್ಕು ಸಾಮಾನು ಗೂನನ್ನು ದಾಟಿತು.

ಅದೇ ಟನ್ನರ್ ೧೯೪೮ರಲ್ಲಿ ಬರ್ಲಿನ್ ನಗರಕ್ಕೆ ಕಲ್ಲಿದ್ದಲು ಹಿಟ್ಟುಗಳನ್ನು ವಿಮಾನದಲ್ಲಿ ಸಾಗಿಸುವ ಹೊಣೆ ಹೊತ್ತಾಗಲೂ, ೨೦೦ ಗಂಟೆ ಹಾರಿದ ವಿಮಾನ ಇಂಗ್ಲೆಂಡಿನ ಬರ್ಟನ್‌ವುಡ್ ಡಿಪೋಗೆ ಹೋಗಲೇಬೇಕು, ೧,೦೦೦ ಗಂಟೆಗೆ ಅಮೆರಿಕಕ್ಕೇ ಹಿಂದಿರುಗಬೇಕು ಎಂಬ ಕಟ್ಟಳೆ ನಡೆಯಿತು. ನಗರ ಹಸಿದಿತ್ತು, ಚಳಿಗಾಲ ಮುಂದಿತ್ತು. ‘ಈಗ ಬಿಡುವಿಲ್ಲ’ ಎಂದು ಹೇಳಲು ಇದಕ್ಕಿಂತ ಒಳ್ಳೆಯ ನೆವ ಯಾವ ದಂಡನಾಯಕನಿಗೂ ದೊರೆತಿರಲಾರದು. ಗೂನಿನ ಕಾಲದಲ್ಲಿ ನಮ್ಮ ಬೆಂಗಳೂರಿಗೂ ಈ ಕಸುಬಿನಲ್ಲಿ ಒಂದು ಪಾಲಿತ್ತು. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದೊಡಗೂಡಿ ಆರಂಭಿಸಿದ ವಿಮಾನ ಕಾರ್ಖಾನೆ ೧೯೪೩ರಲ್ಲಿ ಅಮೆರಿಕದ ವಾಯುದಳದ ವಶಕ್ಕೆ ಬಂದು, ಏಷ್ಯಾ ಖಂಡದ ಈ ಭಾಗದ ದೊಡ್ಡ ದುರಸ್ತಿ ಡಿಪೋಗಳಲ್ಲಿ ಒಂದಾಗಿ ನಡೆಯಿತು. ಬೆಂಗಳೂರಿನ ಹುಡುಗರು ಮೊದಲು ದೊಡ್ಡ ಪ್ರಮಾಣದಲ್ಲಿ ವಿಮಾನವನ್ನು ಬಿಚ್ಚಿ ಕಟ್ಟುವುದನ್ನು ಕಲಿತದ್ದು ಅಲ್ಲಿ.

ಆದುದರಿಂದ ಅವಸರವೆಂಬುದು ಕಾರಣವಲ್ಲ. ನಿಜವಾದ ಕಾರಣಗಳು ಇದಕ್ಕಿಂತ ನೀರಸವಾದವು: ವಯಸ್ಸಾದ ವಿಮಾನ, ಬಾರದ ಬಿಡಿಭಾಗ, ತರಬೇತಿ ಮುಗಿಯುವಷ್ಟರಲ್ಲಿ ಕೆಲಸ ಬಿಟ್ಟುಹೋಗುವ ನುರಿತ ಕೈ. ಬಿಡಿಭಾಗ ಬಾರದಿದ್ದರೆ ಪಕ್ಕದಲ್ಲಿ ನಿಂತ ವಿಮಾನದಿಂದ ಕಿತ್ತು ತಂದು ಹಾಕುತ್ತಾರೆ. ಒಂದರ ಕಣ್ಣು ಕಿತ್ತು ಇನ್ನೊಂದಕ್ಕೆ ಇಟ್ಟಂತೆ. ಒಂದು ಕೆಲಸ ಎರಡಾಯಿತು, ಎರಡು ವಿಮಾನಕ್ಕೂ ಬಾಕಿ ಅಂಟಿತು. ಅಮೆರಿಕದ ಸರಕಾರಿ ಲೆಕ್ಕಪರಿಶೋಧನ ಸಂಸ್ಥೆ ೨೦೧೧ರಿಂದ ೨೦೨೧ರವರೆಗಿನ ದಾಖಲೆ ತೆಗೆದು ೪೯ ಬಗೆಯ ಸೇನಾ ವಿಮಾನಗಳನ್ನು ಪರೀಕ್ಷಿಸಿದಾಗ, ಹಾರಲು ಸಿದ್ಧವಿರಬೇಕಾದ ಪ್ರಮಾಣವನ್ನು ಬಹುಪಾಲು ವರ್ಷಗಳಲ್ಲಿ ಮುಟ್ಟಿದವು ನಾಲ್ಕೇ ಬಗೆ. ಅಲ್ಲಿಯ ಸಂಸತ್ತು ನೇಮಿಸಿದ ಸೇನಾ ವಿಮಾನ ಸುರಕ್ಷಾ ಆಯೋಗ ೨೦೨೦ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ೨೦೧೩ರಿಂದ ೨೦೧೮ರವರೆಗೆ, ಶತ್ರುವಿನ ಗುಂಡಿಲ್ಲದೆಯೇ, ೧೯೮ ಜನರೂ ೧೫೭ ವಿಮಾನಗಳೂ ಹೋದವೆಂದು ಅದು ಲೆಕ್ಕ ಹಾಕಿತು. ಹಣದ ಕೊರತೆಯಿಂದಲೇ ಎಲ್ಲವೂ ಆಯಿತೆನ್ನುವಂತಿಲ್ಲ. ಅಷ್ಟು ಹಣ ಸುರಿಯುವ ದೇಶ ಬೇರೊಂದಿಲ್ಲ.

ಮೇಲ್ವಿಚಾರಣೆ ಹೇಗಿರಬೇಕೆಂಬುದಕ್ಕೆ ನಾನು ಬ್ರಿಟನ್ನಿನತ್ತ ನೋಡುತ್ತೇನೆ, ಅದೂ ಅವರ ಒಂದು ಮಹಾ ವೈಫಲ್ಯದ ಬಳಿಕ. ೨೦೦೬ರ ಸೆಪ್ಟೆಂಬರ್ ೨ರಂದು ಕಂದಹಾರದ ಬಳಿ ಅವರ ನಿಮ್ರಾಡ್ ವಿಮಾನವೊಂದು, ಆಕಾಶದಲ್ಲಿ ಇಂಧನ ತುಂಬಿಸಿಕೊಂಡ ಸ್ವಲ್ಪ ಹೊತ್ತಿಗೆ ಬೆಂಕಿ ಹತ್ತಿ ಬಿದ್ದಿತು. ೧೪ ಜನ ಸತ್ತರು. ನಿಮ್ರಾಡ್ ಸಾಗಣೆ ವಿಮಾನವಲ್ಲ, ಕಾವಲಿನದು. ಆದರೆ ಕಾಮೆಟ್ ಎಂಬ ಹಳೆಯ ಪ್ರಯಾಣಿಕ ವಿಮಾನದ ಮೈಯನ್ನೇ ಮಾರ್ಪಡಿಸಿ ಮಾಡಿದ್ದರಿಂದ ನಮ್ಮ ವಿಷಯಕ್ಕೆ ಹತ್ತಿರದ ನೆಂಟ. ಸೋರಿದ ಇಂಧನ ಬಿಸಿಗಾಳಿಯ ಕೊಳವೆಯನ್ನು ಮುಟ್ಟಿದ್ದೇ ಬೆಂಕಿಗೆ ಕಾರಣವೆಂದು ಕಂಡುಬಂತು. ಚಾರ್ಲ್ಸ್ ಹ್ಯಾಡನ್-ಕೇವ್ ಎಂಬ ವಕೀಲರನ್ನು ಸರಕಾರ ವಿಚಾರಣೆಗೆ ನೇಮಿಸಿತು. ಸೇನೆಯ ಹೊರಗಿನವರು, ಎಂಜಿನಿಯರೂ ಅಲ್ಲ. ಆದರೆ ಕಾಗದ ಓದಬಲ್ಲವರು. ೨೦೦೯ರ ಅಕ್ಟೋಬರ್ ೨೮ರಂದು ಹೊರಬಂದ ಅವರ ವರದಿಯಲ್ಲಿ ಒಂದು ಸಂಗತಿಯಿದೆ. ಈ ವಿಮಾನದ ಅಪಾಯಗಳನ್ನೆಲ್ಲ ಪಟ್ಟಿಮಾಡಿ ಒಂದೊಂದನ್ನೂ ಪರಿಶೀಲಿಸಿ ಮುಗಿಸುವ ಕೆಲಸವನ್ನು ದುರಂತಕ್ಕೆ ಮೊದಲೇ ಒಂದು ದೊಡ್ಡ ಕಂಪನಿಗೆ ವಹಿಸಿದ್ದರು. ಕೆಲಸ ಮುಗಿಯಿತೆಂದು ಒಪ್ಪಿಸಿದಾಗ ನೂರರಲ್ಲಿ ೪೦ ಅಪಾಯಗಳ ಮುಂದೆ ‘ತೆರೆದಿದೆ’ ಎಂದೂ ೩೦ರ ಮುಂದೆ ‘ವರ್ಗೀಕರಿಸಿಲ್ಲ’ ಎಂದೂ ಇತ್ತು. ಅಂದರೆ ಬಹಳಷ್ಟು ಬಾಕಿ! ಅದನ್ನು ಪಡೆದವರು ಓದಿ ನೋಡಿ ಪ್ರಶ್ನಿಸಲಿಲ್ಲ. ಆ ವರ್ಷಗಳಲ್ಲಿ ಸೇನೆಯ ಪೂರೈಕೆ ಇಲಾಖೆಗೆ ನೂರಕ್ಕೆ ೨೦ರಷ್ಟು ಖರ್ಚು ತಗ್ಗಿಸಬೇಕೆಂಬ ಗುರಿಯನ್ನು ಹಾಕಿದ್ದರು. ಎಲ್ಲರ ಕಣ್ಣೂ ಆ ಅಂಕಿಯ ಮೇಲಿತ್ತು.

ಹ್ಯಾಡನ್-ಕೇವ್ ಕರ್ತರಿ ಪ್ರಯೋಗದಲ್ಲಿ ಬರೆದರು. ಹತ್ತು ವ್ಯಕ್ತಿಗಳ ಹೆಸರು ಹೇಳಿ ಯಾರು ಏನನ್ನು ಮಾಡಲಿಲ್ಲವೆಂಬುದನ್ನು ಬಿಡಿಸಿ ಹೇಳಿದರು. ವ್ಯಕ್ತಿಗಳ ಹೆಸರನ್ನು ಹೀಗೆ ಬೀದಿಗೆ ತಂದರೆ ಮುಂದೆ ಯಾರೂ ನಿಜ ಹೇಳಲಾರರೆಂಬ ವಾದದಲ್ಲಿ ತಿರುಳಿಲ್ಲದೆ ಇಲ್ಲ. ಕೆಳಗಿನ ಮೆಕ್ಯಾನಿಕನ ಕೊರಳಿಗೆ ಕುಣಿಕೆ ಹುಡುಕುವ ವಿಚಾರಣೆಯಿಂದ ಮುಂದಿನ ಬಾಕಿಗಳೆಲ್ಲ ಅಡಗುತಾಣ ಸೇರುತ್ತವೆ. ನಾನು ಬಯಸುವ ಹೆಸರು ಶಿಕ್ಷೆಗಾಗಿ ಅಲ್ಲ, ವಿಳಾಸಕ್ಕಾಗಿ. ಇದನ್ನು ಕುರಿತು ಯಾರನ್ನು ಕೇಳಬೇಕೆಂಬುದು ಅಪಘಾತಕ್ಕೆ ಮುಂಚೆ ತಿಳಿದಿರಬೇಕು. ಇರಲಿ, ಆ ವರದಿಯ ಫಲವಾಗಿ ೨೦೧೦ರಲ್ಲಿ ಬ್ರಿಟನ್ನಿನಲ್ಲಿ ಸೇನಾ ವಿಮಾನಗಳಿಗೆಂದೇ ಪ್ರತ್ಯೇಕ ನಿಯಂತ್ರಣ ಪ್ರಾಧಿಕಾರ ಹುಟ್ಟಿತು. ವಿಮಾನ ಹಾರಿಸುವವನು ಬೇರೆ, ಹಾರಲು ಯೋಗ್ಯವೆಂದು ಒಪ್ಪುವವನ ಮೇಲೆ ಕಣ್ಣಿಡುವವನು ಬೇರೆ ಎಂಬ ತತ್ತ್ವ ಕಾಗದದಿಂದ ಕಚೇರಿಗೆ ಇಳಿಯಿತು.

ಇನ್ನು ನಮ್ಮ ಮನೆಯ ಮಾತು. ನಮ್ಮ ವಾಯುದಳದ ಹೊರೆಯನ್ನು ೧೯೮೪ರಿಂದ ಹೊರುತ್ತ ಬಂದಿರುವ ಎಎನ್-೩೨ ಗಟ್ಟಿ ವಿಮಾನ, ಪಾಪ. ಅದನ್ನು ಹೊಸದುಮಾಡಲು ೨೦೦೯ರಲ್ಲಿ ಉಕ್ರೇನಿನೊಡನೆ ಒಪ್ಪಂದವಾಯಿತು. ಕೆಲವನ್ನು ಅಲ್ಲಿ, ಉಳಿದವನ್ನು ಕಾನಪುರದ ನಮ್ಮ ಡಿಪೋದಲ್ಲಿ ಸರಿಪಡಿಸಬೇಕೆಂದಿತ್ತು. ೨೦೧೪ರಲ್ಲಿ ಆ ದೇಶ ಯುದ್ಧದ ಸುಳಿಗೆ ಸಿಕ್ಕಿ ಬಿಡಿಭಾಗಗಳ ಹಾದಿ ಕೆಟ್ಟಿತು. ೧೯೬೧ರಲ್ಲಿ ಕಾನಪುರದಲ್ಲಿ ಮೊದಲು ಹಾರಿದ ಆವ್ರೋ ವಿಮಾನಗಳ ಸ್ಥಾನಕ್ಕೆ ಹೊಸದನ್ನು ತರುವ ಕರಾರು ಆದದ್ದು ೨೦೨೧ರಲ್ಲಿ, ಮೊದಲ ವಿಮಾನ ಬಂದದ್ದು ೨೦೨೩ರಲ್ಲಿ. ಮುಂದೂಡಿದ ಖರೀದಿಯೂ ಮುಂದೂಡಿದ ದುರಸ್ತಿಯ ಅಣ್ಣನೇ. ಐಎಲ್ ಜಾತಿಯ ದೊಡ್ಡ ವಿಮಾನಗಳ ವಿಚಾರದಲ್ಲಿ ನಮ್ಮ ಮಹಾಲೇಖಪಾಲರು ೨೦೧೭ರಲ್ಲಿ ಸಂಸತ್ತಿಗೆ ವರದಿ ಒಪ್ಪಿಸಿ, ನೂರರಲ್ಲಿ ೭೦ರಷ್ಟು ಸಿದ್ಧವಿರಬೇಕಾದವು ಸರಾಸರಿಯಲ್ಲಿ ೫೦ನ್ನೂ ಮುಟ್ಟಲಿಲ್ಲವೆಂದು ತೋರಿಸಿದರು. ಇದು ಒಳ್ಳೆಯ ಮೇಲ್ವಿಚಾರಣೆ. ಸೇನೆಗೆ ಇದರಿಂದ ಅವಮಾನವಾಗಲಿಲ್ಲ, ಶತ್ರುವಿಗೆ ಉಪಕಾರವೂ ಆಗಲಿಲ್ಲ. ಆದರೆ ಮಹಾಲೇಖಪಾಲರು ಬರುವುದು ವರ್ಷಗಳು ಕಳೆದ ಮೇಲೆ, ಅದೂ ಮುಖ್ಯವಾಗಿ ಹಣದ ದಾರಿಯಲ್ಲಿ. ವಿನ್ಯಾಸದ ಯೋಗ್ಯತೆಯನ್ನು ಪ್ರಮಾಣೀಕರಿಸುವ ಕೇಂದ್ರವೊಂದು ನಮ್ಮ ಬೆಂಗಳೂರಿನ ಮಾರತಹಳ್ಳಿಯಲ್ಲಿಯೇ ಇದೆ. ಹಾರುವ ನೆಲೆಯ ದಿನದಿನದ ಬಾಕಿಯ ಹಾಳೆ ಅದರ ಮೇಜಿಗೆ ಬರುವಂಥದಲ್ಲ.

ಅಪಘಾತವಾದ ಮೇಲಿನ ಸ್ಥಿತಿ ಇನ್ನೂ ಮಬ್ಬು. ಅಮೆರಿಕದಲ್ಲಿ ತನಿಖೆಯ ವರದಿಯನ್ನು ಸತ್ತವನ ತಾಯಿ ಓದಬಹುದು. ನಮ್ಮಲ್ಲಿ ಸೇನೆಯ ವಿಚಾರಣಾ ಮಂಡಳಿಯ ವರದಿ ಹೊರಬರುವುದಿಲ್ಲ. ೨೦೧೭ರಿಂದ ೨೦೨೨ರವರೆಗೆ ವಾಯುದಳಕ್ಕೆ ೩೪ ಅಪಘಾತಗಳಾದವೆಂದು ಸಂಸತ್ತಿನ ರಕ್ಷಣಾ ಸ್ಥಾಯೀ ಸಮಿತಿ ೨೦೨೪ರ ಡಿಸೆಂಬರಿನಲ್ಲಿ ತಿಳಿಸಿತು. ಅದರ ಪಟ್ಟಿಯಲ್ಲಿ ಒಂದೊಂದು ಅಪಘಾತಕ್ಕೂ ಕಾರಣವಾಗಿ ದೊರೆಯುವುದು ‘ಮಾನವದೋಷ’, ‘ತಾಂತ್ರಿಕ ದೋಷ’ ಎಂಬ ಒಂದೆರಡು ಪದ. ಒಂದು ಪದ ಕಾರಣವಾಗಬಲ್ಲುದೇ? ಅದು ಶೀರ್ಷಿಕೆ, ಪಾಠ ಒಳಗೆ ಎಲ್ಲಿಯೋ ಬೀಗದಲ್ಲಿದೆ.

೨೦೧೬ರ ಜುಲೈ ೨೨ರಂದು ಚೆನ್ನೈಯ ತಾಂಬರಂ ನೆಲೆಯಿಂದ ಪೋರ್ಟ್ ಬ್ಲೇರಿಗೆ ಹೊರಟ ಎಎನ್-೩೨ ವಿಮಾನವೊಂದು ೨೯ ಜನರೊಡನೆ ಬಂಗಾಳಕೊಲ್ಲಿಯ ಮೇಲೆ ಕಾಣೆಯಾಯಿತು. ವಾರಗಟ್ಟಲೆ ಹುಡುಕಿದರೂ ಸಿಗಲಿಲ್ಲ. ೨೦೨೪ರ ಜನವರಿಯಲ್ಲಿ, ಏಳೂವರೆ ವರ್ಷದ ಮೇಲೆ, ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಮುಳುಗುಯಂತ್ರ ೩,೪೦೦ ಮೀಟರ್ ಆಳದಲ್ಲಿ ಅದರ ಅವಶೇಷದ ಚಿತ್ರ ತೆಗೆಯಿತು. ಅದು ಬಿದ್ದುದಕ್ಕೆ ದುರಸ್ತಿಯ ಲೋಪವೇ ಕಾರಣವೆಂದು ಊಹಿಸುವ ಹಕ್ಕು ನನಗಿಲ್ಲ, ಯಾರಿಗೂ ಇಲ್ಲ. ಆದರೆ ಸಮುದ್ರ ಬಚ್ಚಿಟ್ಟುಕೊಳ್ಳದೆ ಉಳಿದ ಒಂದು ವಸ್ತುವಿದೆ: ನೆಲದ ಮೇಲಿನ ದಾಖಲೆ. ಅಂದು ಆ ವಿಮಾನದ ಬಾಕಿಯ ಹಾಳೆಯಲ್ಲಿ ಏನಿತ್ತು, ಏನೂ ಇರಲಿಲ್ಲವೇ, ಇದನ್ನು ಆ ೨೯ ಮನೆಯವರಿಗೆ ಬರವಣಿಗೆಯಲ್ಲಿ ತಿಳಿಸುವುದರಿಂದ ದೇಶದ ಯಾವ ಗುಟ್ಟು ಬಯಲಾಗುತ್ತದೆಂಬುದು ನನಗೆ ತಿಳಿಯದು.

ರಕ್ಷಣಾ ಇಲಾಖೆಯ ಅನುದಾನದ ಬೇಡಿಕೆಗಳನ್ನು ಪರಿಶೀಲಿಸಲು ಸಂಸತ್ತಿನ ಸ್ಥಾಯೀ ಸಮಿತಿ ಪ್ರತಿವರ್ಷ ಕೂಡುತ್ತದೆ. ಅಲ್ಲಿ ಒಬ್ಬ ಸದಸ್ಯರು, ಯಾವ ಪಕ್ಷದವರಾದರೂ ಸರಿ, ಸಾಗಣೆ ವಿಮಾನಗಳ ಒಂದೊಂದು ಬಗೆಗೂ ನಾಲ್ಕು ಅಂಕಿಗಳನ್ನು ಕೇಳಲಿ: ಮುಂದೂಡಿದ ಕೆಲಸಗಳು ಎಷ್ಟು, ಅವುಗಳಲ್ಲಿ ಅತಿ ಹಳೆಯದಕ್ಕೆ ವಯಸ್ಸೆಷ್ಟು, ಗಡುವನ್ನು ಒಂದಕ್ಕಿಂತ ಹೆಚ್ಚು ಸಾರಿ ಹಿಗ್ಗಿಸಿದವು ಎಷ್ಟು, ಹಾಗೆ ಹಿಗ್ಗಿಸಲು, ಆ ವಿಮಾನವನ್ನು ಹಾರಿಸುವ ದಳಕ್ಕೆ ಸೇರದ ಅಧಿಕಾರಿಯೊಬ್ಬರು ಒಪ್ಪಿದ್ದು ಎಷ್ಟರಲ್ಲಿ. ಉತ್ತರವನ್ನು ಮುಚ್ಚಿದ ಲಕೋಟೆಯಲ್ಲಿ ಕೊಟ್ಟರೂ ಅಡ್ಡಿಯಿಲ್ಲ. ‘ಪರಿಶೀಲಿಸಲಾಗುತ್ತಿದೆ’ ಎಂದು ಬಂದರೆ ಮಾತ್ರ ಹಿಂದಕ್ಕೆ ಕಳುಹಿಸಿ, ಯಾರು ಪರಿಶೀಲಿಸುತ್ತಿದ್ದಾರೆ, ಯಾವ ತಾರೀಖಿನೊಳಗೆ ಎಂದು ಮತ್ತೆ ಕೇಳಬೇಕು.